ಆರಿಸಬಾರದ ಬೆಂಕಿ

ಮಕ್ಕಳೇ. ಕಾಲೇಜಿಗೆ ಹೋಗುವವರು, ಕೆಲಸಕ್ಕೆ ಸೇರಿದವರು ಈ 'ಮಕ್ಕಳೇ' ಕೇಳಿ ಮುನಿಸಿಕೊಳ್ಳಬೇಡಿ. ನಿಮ್ಮಲ್ಲಿ ಎಷ್ಟೋ ಜನರಿಗೆ ಭಾನುವಾರದ ಕನ್ನಡ ತರಗತಿಯಲ್ಲಿ ಅ ಆ ಇ ಈ ತಿದ್ದಿಸಿದವಳು ನಾನು. ಆ ಸಲಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಇವತ್ತಿನ ಮಾತು ಹುಟ್ಟಿದ್ದೂ ಅದೇ ತರಗತಿಯಲ್ಲಿ. 2025ರ ಏಪ್ರಿಲ್ ಮೊದಲ ವಾರ. ಪಾಠ ಶುರು ಮಾಡೋಣ ಎಂದರೆ ಯಾರಿಗೂ ಪುಸ್ತಕದ ಮೇಲೆ ಗಮನವಿಲ್ಲ. ಎಲ್ಲರ ಫೋನಿನಲ್ಲೂ ಒಂದೇ ವಿಡಿಯೊ. ಒಬ್ಬ ಹುಡುಗಿ ಕೇಳಿದಳು: "ಆಂಟಿ, ಅಷ್ಟೊಂದು ಫೈರ್ ಇಂಜಿನ್ ಬಂದಿದ್ವಲ್ಲ, ಬೊಂಬಾದವರು ಬೆಂಕಿ ಯಾಕೆ ಆರಿಸಲಿಲ್ಲ? ಗಂಟೆಗಟ್ಟಲೆ ಉರೀತಾನೇ ಇತ್ತು." ನನ್ನ ಬಳಿ ಉತ್ತರ ಇರಲಿಲ್ಲ. ಕನ್ನಡ ಎಂ.ಎ. ಓದಿದವಳಿಗೆ ಖಾಂಡವ ದಹನ ಗೊತ್ತು. ಇಂದ್ರ ಮಳೆ ಸುರಿಸಿದರೂ ಆರದ ಬೆಂಕಿ ಅದು. ಪುತ್ರ ಹೈಟ್ಸ್‌ನ ಬೆಂಕಿ ಮಾತ್ರ ಗೊತ್ತಿರಲಿಲ್ಲ. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮಗೆಲ್ಲ ಹೇಳುತ್ತಿದ್ದೇನೆ.

ಮೊದಲು ಆ ದಿನ ಆದದ್ದನ್ನು ನೆನಪು ಮಾಡಿಕೊಳ್ಳಿ. 2025ರ ಏಪ್ರಿಲ್ 1, ಹರಿ ರಾಯದ ಎರಡನೆಯ ದಿನ. ಊರಿಗೆ ಹೋದವರು ಇನ್ನೂ ಮರಳಿರಲಿಲ್ಲ, ಮನೆಯಲ್ಲಿದ್ದವರು ರಜೆಯ ನಿದ್ದೆಯಲ್ಲಿದ್ದರು. ಬೆಳಗ್ಗೆ ಎಂಟು ಗಂಟೆ ದಾಟಿದ್ದಷ್ಟೆ. ಸೆಲಾಂಗೋರ್‌ನ ಪುತ್ರ ಹೈಟ್ಸ್‌ನಲ್ಲಿ ನೆಲದಡಿ ಹಾದುಹೋಗಿದ್ದ ಪೆಟ್ರೋನಾಸ್‌ನ ಅನಿಲ ಕೊಳವೆ ಒಡೆಯಿತು. ಬೆಂಕಿ ಎತ್ತರದ ಕಟ್ಟಡದಂತೆ ಎದ್ದು ನಿಂತು ಹಲವಾರು ಕಿಲೋಮೀಟರ್ ದೂರಕ್ಕೂ ಕಾಣಿಸಿತು. ಕೊಳವೆ ಇದ್ದ ಜಾಗದಲ್ಲಿ ಸುಮಾರು 10 ಮೀಟರ್ ಆಳದ ಹೊಂಡ ಬಿತ್ತು. ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ಧಕ್ಕೆಯಾಯಿತು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಬರಿಗಾಲಲ್ಲಿ ಓಡಿದವರ ಪಾದಗಳು ಬಿಸಿ ರಸ್ತೆಗೆ ಸುಟ್ಟುಹೋದವು. ಪುತ್ರ ಹೈಟ್ಸ್ ಮಸೀದಿ ಆ ದಿನವೇ ಆಶ್ರಯ ಕೇಂದ್ರವಾಯಿತು. ಬೆಂಕಿ ಪೂರ್ತಿ ಆರಿದ್ದು ಮಧ್ಯಾಹ್ನ 3.45ಕ್ಕೆ. ಇಷ್ಟಾದರೂ ಆ ದಿನ ಅಲ್ಲಿ ಒಂದು ಜೀವವೂ ಹೋಗಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಮರದ ಬೆಂಕಿಗೆ ನೀರು ಹಾಕಿದರೆ ಮರ ತಣ್ಣಗಾಗಿ ಬೆಂಕಿ ಆರುತ್ತದೆ, ಮುಗಿಯಿತು. ಅನಿಲದ ಬೆಂಕಿ ಹಾಗಲ್ಲ. ಒತ್ತಡದಲ್ಲಿ ನುಗ್ಗುತ್ತಿರುವ ಅನಿಲಕ್ಕೆ ಬೆಂಕಿ ಹೊತ್ತಿಕೊಂಡಿದೆ ಎಂದುಕೊಳ್ಳಿ. ಜ್ವಾಲೆಯನ್ನು ಹೇಗೋ ಆರಿಸಿದಿರಿ, ಆದರೆ ಅನಿಲ ಬರುತ್ತಲೇ ಇದೆ. ಈಗ ಅದು ಉರಿಯುತ್ತಿಲ್ಲ, ಕಣ್ಣಿಗೆ ಕಾಣದೆ ಹರಡುತ್ತಿದೆ. ಎಲ್ಲೋ ಒಂದು ಕಾರು ಸ್ಟಾರ್ಟ್ ಆಗುತ್ತದೆ, ಯಾರೋ ಸ್ವಿಚ್ ಒತ್ತುತ್ತಾರೆ. ಹರಡಿದ್ದೆಲ್ಲ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ಒಂದು ಕಡೆ ನಿಂತು ಉರಿಯುವ ಬೆಂಕಿ ಎಲ್ಲಿದೆ ಎಂದಾದರೂ ನಮಗೆ ಗೊತ್ತಿರುತ್ತದೆ. ಅದಕ್ಕೇ ಅಗ್ನಿಶಾಮಕರ ಪಾಠದಲ್ಲಿ ಮೊದಲ ಮಾತು: ಅನಿಲದ ಹರಿವು ನಿಲ್ಲಿಸುವ ತನಕ ಜ್ವಾಲೆಯನ್ನು ಆರಿಸಬೇಡ.

ಅವತ್ತು ಆದದ್ದೂ ಅದೇ. ಕೊಳವೆಯ ಕವಾಟಗಳನ್ನು ಮುಚ್ಚಿದರು. ಒಳಗೆ ಉಳಿದಿದ್ದ ಅನಿಲ ಉರಿದು ತೀರುವವರೆಗೆ ಕಾಯಬೇಕಾಗಿತ್ತು. ಕಾಯುವಾಗ ಬೊಂಬಾದವರು ಸುಮ್ಮನೆ ನಿಂತಿರಲಿಲ್ಲ. ಜನರನ್ನು ಹೊರಗೆ ತಂದರು, ಬೆಂಕಿ ಮನೆಯಿಂದ ಮನೆಗೆ ಹಬ್ಬದಂತೆ ತಡೆದರು. ವಿಡಿಯೊದಲ್ಲಿ ಜ್ವಾಲೆ ಕಾಣುತ್ತದೆ, ಈ ಕೆಲಸ ಕಾಣುವುದಿಲ್ಲ. 'ಬೊಂಬಾ' ಎನ್ನುವುದು ಪೋರ್ಚುಗೀಸರಿಂದ ಮಲಯ್ ಭಾಷೆಗೆ ಬಂದ ಪದ, ಅರ್ಥ ಪಂಪು. ಪಂಪಿನ ಹೆಸರು ಹೊತ್ತ ಇಲಾಖೆ ಆ ದಿನ ಪಂಪಿಗಿಂತ ಹೆಚ್ಚಾಗಿ ಕವಾಟವನ್ನು ನಂಬಬೇಕಾಯಿತು.

ಈ ತಿಳಿವಳಿಕೆ ಪುಕ್ಕಟೆಯಾಗಿ ಬಂದದ್ದಲ್ಲ. 1966ರ ಜನವರಿ 4ರಂದು ಫ್ರಾನ್ಸಿನ ಲಿಯೋನ್ ಬಳಿಯ ಫೆಜಾನ್ ಸಂಸ್ಕರಣಾಗಾರದಲ್ಲಿ ದ್ರವ ಪ್ರೊಪೇನ್ ತುಂಬಿದ್ದ ದೊಡ್ಡ ಗೋಳಾಕಾರದ ಟ್ಯಾಂಕಿಗೆ ಬೆಂಕಿ ತಗುಲಿತು. ಟ್ಯಾಂಕಿನ ಸುರಕ್ಷತಾ ಕವಾಟ ತೆರೆದುಕೊಂಡಿದೆ, ಒತ್ತಡ ತಾನಾಗಿ ಇಳಿಯುತ್ತದೆ ಎಂದು ನಂಬಿ ಅಗ್ನಿಶಾಮಕರು ಪಕ್ಕದ ಟ್ಯಾಂಕುಗಳಿಗೆ ನೀರು ಹಾಯಿಸಿದರು. ಉರಿಯುತ್ತಿದ್ದ ಟ್ಯಾಂಕಿನ ಉಕ್ಕು ಮೇಲ್ಭಾಗದಲ್ಲಿ, ಒಳಗೆ ದ್ರವವಿಲ್ಲದ ಕಡೆ, ಕಾದು ಮೆತ್ತಗಾಗಿ ಸೀಳಿತು. ಅಷ್ಟೂ ದ್ರವ ಕ್ಷಣದಲ್ಲಿ ಕುದಿದು ಅನಿಲವಾಗಿ ಬೆಂಕಿಯ ಚೆಂಡಾಯಿತು. ಸತ್ತವರು 18 ಜನ, ಅವರಲ್ಲಿ 11 ಮಂದಿ ಅಗ್ನಿಶಾಮಕರು. ಕೊಳವೆಯ ಬೆಂಕಿಗೂ ಟ್ಯಾಂಕಿನ ಬೆಂಕಿಗೂ ಇರುವ ವ್ಯತ್ಯಾಸ ಇದೇ. ಟ್ಯಾಂಕನ್ನು ದೂರದಿಂದ ತಣ್ಣಗಿಡಬೇಕು. ಅದು ಆಗದಿದ್ದರೆ ಎಲ್ಲರೂ ಹಿಂದೆ ಸರಿಯಬೇಕು. ಟ್ಯಾಂಕರಿಗೆ ಬೆಂಕಿ ತಗುಲಿದರೆ ಸುತ್ತ 1,600 ಮೀಟರ್ ಖಾಲಿ ಮಾಡಿಸಿ ಎಂದು ಇವತ್ತಿನ ತುರ್ತು ಕೈಪಿಡಿ ಹೇಳುತ್ತದೆ. ಆ ಸಂಖ್ಯೆ ಸುಮ್ಮನೆ ಬರೆದದ್ದಲ್ಲ.

ಮಲೇಶಿಯಾ ಕೂಡ ಹೀಗೆ ಪೆಟ್ಟು ತಿಂದೇ ಕಲಿತಿದೆ. 1980ರಲ್ಲಿ ಪೋರ್ಟ್ ಕ್ಲಾಂಗ್ ಬಂದರಿನಲ್ಲಿ ರಾಸಾಯನಿಕಗಳ ದೊಡ್ಡ ಬೆಂಕಿ ಮತ್ತು ಸ್ಫೋಟ. 1991ರ ಮೇ 7ರಂದು ಸುಂಗೈ ಬುಲೋಹ್‌ನ ಬ್ರೈಟ್ ಸ್ಪಾರ್ಕ್ಲರ್ಸ್ ಪಟಾಕಿ ಕಾರ್ಖಾನೆ ಸಿಡಿದು 26 ಜನ ಹೋದರು. ಅಲ್ಲಿ ಇದ್ದದ್ದು ಅನಿಲವಲ್ಲ, ಪಟಾಕಿ ಮದ್ದು. ಆದರೆ ಅದು ಎತ್ತಿದ ಪ್ರಶ್ನೆ ಒಂದೇ: ಜನರ ಮನೆಗಳ ಪಕ್ಕದಲ್ಲಿ ಏನನ್ನು ಇಟ್ಟಿದ್ದಾರೆ, ಆ ಜನರಿಗೆ ಅದು ಗೊತ್ತಿದೆಯೇ? ವಿಚಾರಣಾ ಆಯೋಗ ಕೂತಿತು. 1994ರಲ್ಲಿ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಕಾಯಿದೆ ಬಂತು. 1996ರಲ್ಲಿ ಭಾರಿ ಕೈಗಾರಿಕಾ ಅಪಘಾತಗಳ ನಿಯಂತ್ರಣಕ್ಕೆ ಪ್ರತ್ಯೇಕ ನಿಯಮಗಳು ಬಂದವು. ಅಪಾಯಕಾರಿ ವಸ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡವರು ತುರ್ತು ಯೋಜನೆ ಮಾಡಿಡಬೇಕು, ನೆರೆಯವರಿಗೆ ತಿಳಿಸಬೇಕು ಎಂದಾಯಿತು.

ನೆಲದಡಿಯ ಕೊಳವೆಯ ಕಥೆ ಬೇರೆ. ಪೆಟ್ರೋನಾಸ್ ಹುಟ್ಟಿದ್ದು 1974ರಲ್ಲಿ. ಪರ್ಯಾಯ ದ್ವೀಪದ ಅನಿಲ ಕೊಳವೆಯ ಮೊದಲ ಹಂತ 1984ರಲ್ಲಿ ತೆರೆಂಗಾನುವಿನಲ್ಲಿ ಶುರುವಾಗಿ ಇವತ್ತು 2,500 ಕಿಲೋಮೀಟರ್ ದಾಟಿದೆ. ನಮ್ಮ ಮನೆಯ ದೀಪಕ್ಕೂ ಅದಕ್ಕೂ ನಂಟಿದೆ, ಏಕೆಂದರೆ ವಿದ್ಯುತ್ ಕೇಂದ್ರಗಳಿಗೆ ಆ ಅನಿಲವೇ ಹೋಗುತ್ತದೆ. 2014ರ ಜೂನ್‌ನಲ್ಲಿ ಸಾರವಾಕ್‌ನ ಲಾವಾಸ್ ಬಳಿ ಇನ್ನೊಂದು ಕೊಳವೆ ಸ್ಫೋಟಿಸಿತ್ತು. ಅದು ಕಾಡಿನ ಪ್ರದೇಶ, ನಮಗೆ ನೆನಪೂ ಇಲ್ಲ. ಪುತ್ರ ಹೈಟ್ಸ್‌ನ ತನಿಖೆ 2025ರ ಜೂನ್ ಕೊನೆಗೆ ಹೊರಬಂತು. ಕೊಳವೆಯಡಿಯ ಮಣ್ಣು ಮೆತ್ತಗಾಗಿ ಕುಸಿದು, ಆಧಾರವಿಲ್ಲದೆ ಕೊಳವೆ ಬಾಗಿ, ಬೆಸುಗೆಯ ಬಳಿ ಒಡೆಯಿತು ಎಂದಿತು. ಕಾಣದ ಕಡೆ, ನಿಧಾನವಾಗಿ.

ಇದೆಲ್ಲ ಮಲೇಶಿಯಾದ ಮಾತು, ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ರಜೆಗೆ ಊರಿಗೆ ಹೋದಾಗ ಮಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುತ್ತೀರಲ್ಲ, ಉಪ್ಪಿನಂಗಡಿಗೆ ಮುಂಚೆ ಪೆರ್ನೆ ಎಂಬ ಊರು ಸಿಗುತ್ತದೆ. 2013ರ ಏಪ್ರಿಲ್ 9ರಂದು ಅಲ್ಲಿ ಎಲ್‌ಪಿಜಿ ಟ್ಯಾಂಕರೊಂದು ಮಗುಚಿ ಹೊತ್ತಿಕೊಂಡಿತು. ರಸ್ತೆ ಬದಿಯ ಮನೆಗಳಲ್ಲಿ, ವಾಹನಗಳಲ್ಲಿ ಇದ್ದವರು ಸುಟ್ಟುಹೋದರು. ಅದಕ್ಕೂ ಹಿಂದಿನ ವರ್ಷ, 2012ರ ಆಗಸ್ಟ್ 27ರ ರಾತ್ರಿ, ಓಣಂ ಹಬ್ಬದ ಹೊಸ್ತಿಲಲ್ಲಿ, ಮಂಗಳೂರಿನಿಂದ ಹೊರಟ ಟ್ಯಾಂಕರ್ ಕಣ್ಣೂರಿನ ಚಾಲದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಉರುಳಿತು. ಸೋರಿದ ಅನಿಲ ಹತ್ತಿರದ ಮನೆಗಳಿಗೆ ಹಬ್ಬಿ ಹೊತ್ತಿಕೊಂಡು 20 ಜನರ ಪ್ರಾಣ ಹೋಯಿತು. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕಿ ಹರಿಯುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಈಗ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ 356 ಕಿಲೋಮೀಟರ್ ಎಲ್‌ಪಿಜಿ ಕೊಳವೆ ಇದೆ. ಘಾಟಿಯಲ್ಲಿ ಟ್ಯಾಂಕರುಗಳ ಹೊರೆ ಕಡಿಮೆಯಾಗುವುದು ಒಳ್ಳೆಯದೇ. ಆದರೆ ರಸ್ತೆಯ ಮೇಲಿದ್ದ ಅಪಾಯ ಅಷ್ಟರಮಟ್ಟಿಗೆ ಮಣ್ಣಿನಡಿಗೆ ಹೋಯಿತು. ಟ್ಯಾಂಕರ್ ಕಂಡರೆ ಹೆದರುತ್ತೇವೆ. ಕೊಳವೆಯ ಮೇಲೆ ಮನೆ ಕಟ್ಟಿ ಮರೆತುಬಿಡುತ್ತೇವೆ.

ಹಾಗಾದರೆ ನೀವು ಏನು ಮಾಡಬೇಕು? ನಾಲ್ಕೇ ಮಾತು.

ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು ಹೊರಗೆ ಹೋಗಿ. ಫೋನ್ ಮಾಡುವುದು ಹೊರಗೆ ನಿಂತು, 999ಕ್ಕೆ.

ರಸ್ತೆಯಲ್ಲಿ ಟ್ಯಾಂಕರ್ ಉರುಳಿದ್ದು ಕಂಡರೆ ಕಾರು ಸ್ಟಾರ್ಟ್ ಮಾಡಬೇಡಿ. ಇಳಿದು, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ಸೋರುವ ಟ್ಯಾಂಕರಿನಿಂದ ದೂರ, ತಗ್ಗು ಬಿಟ್ಟು ಎತ್ತರದ ಕಡೆ ನಡೆಯಿರಿ.

ವಿಡಿಯೊ ತೆಗೆಯಬೇಡಿ. ಟ್ಯಾಂಕಿನ ಕವಾಟದ ಸೀಟಿ ಜೋರಾಗುತ್ತಿದ್ದರೆ ಉಳಿದಿರುವುದು ಓಡುವಷ್ಟು ಹೊತ್ತು ಮಾತ್ರ.

ಕೊನೆಯದು, ನಿಮ್ಮ ಬಡಾವಣೆಯಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಅನಿಲ ಕೊಳವೆ ಹೋಗುವ ಕಡೆ ಎಚ್ಚರಿಕೆಯ ಫಲಕಗಳಿರುತ್ತವೆ. ಅದರ ಮೇಲೆ 'ಅವಾಸ್' ಎಂದು ಕಂಡರೆ ನಿಂತು ಓದಿ. ಮಲಯ್‌ನಲ್ಲಿ ಅದರ ಅರ್ಥ ಎಚ್ಚರಿಕೆ. ನಮ್ಮ ಕನ್ನಡದಲ್ಲಿ ಆವಾಸ ಎಂದರೆ ವಾಸಿಸುವ ಮನೆ. ಪುತ್ರ ಹೈಟ್ಸ್ ಆದಮೇಲೆ ನನಗೆ ಈ ಎರಡು ಪದಗಳು ಅಷ್ಟು ಬೇರೆ ಅನ್ನಿಸುತ್ತಿಲ್ಲ.

ಪ್ರಶ್ನೆ ಕೇಳಿದ ಆ ಹುಡುಗಿ ಈಗ ಫಾರ್ಮ್ ಫೈವ್ ಮುಗಿಸುತ್ತಿದ್ದಾಳೆ. ಅವಳು ಇದನ್ನು ಓದುತ್ತಿದ್ದರೆ ಒಂದು ಮಾತು: ಪುಟ್ಟಿ, ಉತ್ತರ ಕೊಡಲು ತಡವಾಯಿತು. ಅಪ್ಪ ಅಮ್ಮ ಅಡುಗೆಮನೆಯ ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಿ ಮುಚ್ಚುತ್ತಾರೆ ಅಂತ ಇವತ್ತೇ ನೋಡಿ ಕಲಿತುಕೋ. ಉಳಿದವರೂ ಅಷ್ಟೆ.