ಶಿರೋಡ್ಕರ್ ಹೊಲಿಗೆ ಮತ್ತು ಗರ್ಭಕಂಠದ ಒಳಬಾಯಿ

ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಪ್ರಸೂತಿ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ವಿ. ಎನ್. ಶಿರೋಡ್ಕರ್ (1899–1971) ಗೋವಾದ ಶಿರೋಡಾದವರು. ಶಾಲೆ ಕಲಿತದ್ದು ಹುಬ್ಬಳ್ಳಿಯಲ್ಲಿ, ವೈದ್ಯಕೀಯ ಓದಿದ್ದು ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. ಗರ್ಭ ಜಾರದಂತೆ ಗರ್ಭಕಂಠಕ್ಕೆ ಹಾಕುವ, ಅವರ ಹೆಸರಿನ ಹೊಲಿಗೆ ಲೋಕಕ್ಕೆಲ್ಲ ಗೊತ್ತು. ಅದನ್ನು ಎಲ್ಲಿ ಹಾಕಬೇಕೆಂದು ಅವರು ಕಂಡುಕೊಂಡ ಬಗೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಗರ್ಭಕೋಶದ ಮೈ ಬಹುಪಾಲು ಸ್ನಾಯು. ಅದರ ಕೊರಳು, ಅಂದರೆ ಗರ್ಭಕಂಠ, ಬಹುಪಾಲು ಕೊಲಾಜನ್ ನಾರು. ಹೆರಿಗೆಯವರೆಗೆ ಬಾಯಿ ಬಿಗಿಯಾಗಿರಬೇಕಾದರೆ ಈ ನಾರು ಗಟ್ಟಿಯಿರಬೇಕು. ಕೆಲವರಲ್ಲಿ ನಾಲ್ಕು–ಐದು ತಿಂಗಳಿಗೇ ಒಳಬಾಯಿ, ಅಂದರೆ ಕೊರಳು ಗರ್ಭಕೋಶಕ್ಕೆ ತೆರೆಯುವ ಕಡೆ, ನೋವಿಲ್ಲದೆ ತೆರೆದುಕೊಳ್ಳುತ್ತದೆ, ಬೆಳೆಯುತ್ತಿದ್ದ ಕೂಸು ಜಾರಿಹೋಗುತ್ತದೆ. ಮುಂದಿನ ಬಸಿರಿನಲ್ಲೂ ಹಾಗೆಯೇ ಆದರೆ ‘ಗರ್ಭ ನಿಲ್ಲುವುದಿಲ್ಲ’ ಎಂಬ ಮಾತು ಆ ಹೆಣ್ಣಿನ ತಲೆಗೇ ಕಟ್ಟುತ್ತದೆ. ಶಿರೋಡ್ಕರ್ ಕಾಲದಲ್ಲಿ ಇದಕ್ಕೆ ಕೊಡುತ್ತಿದ್ದದ್ದು ಹಾಸಿಗೆ ವಿಶ್ರಾಂತಿ, ಹಾರ್ಮೋನು.

ಶಿರೋಡ್ಕರ್ ಬಸಿರಿನಲ್ಲೇ ಶಸ್ತ್ರಕ್ರಿಯೆ ಮಾಡಿದರು. ಗರ್ಭಕಂಠದ ಮುಂದೆ ಯೋನಿಯ ಒಳಪೊರೆಯನ್ನು ಕೊಯ್ದು, ಮೂತ್ರಕೋಶವನ್ನು ಮೇಲಕ್ಕೆ ಸರಿಸಿ, ಆಕೆಯದೇ ತೊಡೆಯಿಂದ ತೆಗೆದ ಫೇಷಿಯಾ ಲಾಟಾ (ಸ್ನಾಯುಗಳನ್ನು ಸುತ್ತಿದ ಗಟ್ಟಿ ಪೊರೆ) ಪಟ್ಟಿಯನ್ನು ಒಳಪೊರೆಯಡಿ ಸುತ್ತ ಹಾಯಿಸಿ ಕಟ್ಟಿದರು. ಮೂತ್ರಕೋಶವನ್ನು ಸರಿಸುವ ಆ ಹೆಜ್ಜೆಯೇ ಇಲ್ಲಿ ಮುಖ್ಯ. ಸರಿಸದಿದ್ದರೆ ಕೈಗೆ ಸಿಗುವುದು ಕೊರಳಿನ ಕೆಳಭಾಗ. ಸರಿಸಿದರೆ ಹೊಲಿಗೆ ಒಳಬಾಯಿಯ ಮಟ್ಟಕ್ಕೆ ಏರುತ್ತದೆ. ದೋಷವಿದ್ದ ಜಾಗಕ್ಕೇ ಅವರು ಕೈ ಹಾಕಿದ್ದರು. ಈ ಶಸ್ತ್ರಕ್ರಿಯೆಯ ಬಗೆಗಿನ ಅವರ ಬರಹ ಅಚ್ಚಾದದ್ದು 1955ರಲ್ಲಿ, ಮದ್ರಾಸಿನ ‘ಆ್ಯಂಟಿಸೆಪ್ಟಿಕ್’ ಪತ್ರಿಕೆಯಲ್ಲಿ.

1957ರಲ್ಲಿ ಮೆಲ್ಬರ್ನಿನ ವೈದ್ಯ ಮೆಕ್‌ಡೊನಾಲ್ಡ್ ಮೂತ್ರಕೋಶವನ್ನು ಮುಟ್ಟದೆ ಸುತ್ತುಹೊಲಿಗೆ ಹಾಕಿದರು. ಸುಲಭವಾದ್ದರಿಂದ ಇಂದು ಅದೇ ಹೆಚ್ಚು ಬಳಕೆಯಲ್ಲಿದೆ.

ಆದರೆ ಎಲ್ಲ ಗರ್ಭಪಾತಕ್ಕೂ ಹೊಲಿಗೆ ಮದ್ದಲ್ಲ. 1,292 ಮಹಿಳೆಯರನ್ನು ಒಳಗೊಂಡು 1993ರಲ್ಲಿ ಪ್ರಕಟವಾದ ಬ್ರಿಟನ್ನಿನ ನೇತೃತ್ವದ ಪರೀಕ್ಷೆಯಲ್ಲಿ 33 ವಾರಕ್ಕೆ ಮೊದಲಿನ ಹೆರಿಗೆ ಹೊಲಿಗೆ ಹಾಕಿದವರಲ್ಲಿ ಶೇ. 13, ಉಳಿದವರಲ್ಲಿ ಶೇ. 17. ಸುಮಾರು 25 ಮಂದಿಗೆ ಹೊಲಿಗೆ ಹಾಕಿದರೆ ಒಬ್ಬರಿಗೆ ಉಪಯೋಗ. ಹಾಗಾಗಿ ಹಿಂದೆ ಅಕಾಲ ಹೆರಿಗೆಯಾದವರಲ್ಲಿ ಕೊರಳಿನ ಉದ್ದವನ್ನು ಸ್ಕ್ಯಾನಿನಲ್ಲಿ ಅಳೆದು, 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೊಲಿಗೆಯ ಮಾತೆತ್ತುತ್ತಾರೆ.