ಸಿಲಿಂಡರ್‌ನಲ್ಲಿ ಉಳಿದ ಗಾಳಿ ಎಷ್ಟು?

ಮಳೆಗಾಲ ಬಂದ್ರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಒಂದು ಪ್ರಶ್ನೆ ಇದ್ದೇ ಇರುತ್ತೆ: ಲಕ್ಕವಳ್ಳಿಯ ಭದ್ರಾ ಡ್ಯಾಂ ಎಷ್ಟು ಅಡಿ ಆಯ್ತು? 186 ಅಡಿ ಅಂದ್ರೆ ಭರ್ತಿ. ಅಚ್ಚುಕಟ್ಟಿನ ರೈತರ ಬೆಳೆ ಆ ಅಂಕಿಯ ಮೇಲೆ ನಿಂತಿದೆ.

ನೀರೊಳಗೆ ಇಳಿಯೋರಿಗೂ ಅಂಥದ್ದೊಂದು ಅಂಕಿ ಇದೆ: ಬೆನ್ನಿಗೆ ಕಟ್ಟಿದ ಸಿಲಿಂಡರ್‌ನ ಒತ್ತಡ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾ ಆಕ್ವಾಲಂಗ್ ರೂಪಿಸಿದ ಮೇಲೆ ಸ್ಕೂಬಾ ಜನರ ನಡುವೆ ಹಬ್ಬಿತು. ಇವತ್ತು ನಮ್ಮವರೂ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಡೈವ್ ಮಾಡ್ತಾರೆ. ಡೈವ್‌ನ ವಿವರ ಬರೆದಿಡೋದು ಮೊದಲು ಪುಸ್ತಕದಲ್ಲಿತ್ತು, ಆಮೇಲೆ ಕಂಪ್ಯೂಟರಿಗೆ ಬಂತು. 2011ರಲ್ಲಿ ಲಿನಕ್ಸ್ ಖ್ಯಾತಿಯ ಲಿನಸ್ ಟೋರ್ವಾಲ್ಡ್ಸ್ ಇದಕ್ಕೆಂದೇ ಸಬ್‌ಸರ್ಫೇಸ್ ಎಂಬ ಮುಕ್ತ ತಂತ್ರಾಂಶ ಬರೆಯತೊಡಗಿದರು.

ಅದರಲ್ಲಿ ಅಂಕಿ ತಿದ್ದೋದು ಯಾಕೆ ಮುಖ್ಯ? 12 ಲೀಟರಿನ ಸಿಲಿಂಡರ್ 200 ಬಾರ್‌ನಿಂದ 50ಕ್ಕೆ ಇಳಿದರೆ ಖರ್ಚಾದ ಗಾಳಿ ಸುಮಾರು 1,800 ಲೀಟರ್. ಆರಂಭದ ಒತ್ತಡ 180 ಅಂತ ತಪ್ಪಾಗಿ ದಾಖಲಾದರೆ ಲೆಕ್ಕ 1,560ಕ್ಕೆ ಇಳಿಯುತ್ತೆ. ಅದನ್ನೇ ನಂಬಿ ಮುಂದಿನ ಡೈವ್‌ಗೆ ಇಳಿದವರಿಗೆ ಗಾಳಿ ಅಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತೆ. ಉಸಿರಾಡಿದ್ದು ಸಾಮಾನ್ಯ ಗಾಳಿ, ದಾಖಲಾಗಿದ್ದು 32 ಪರ್ಸೆಂಟ್ ಆಮ್ಲಜನಕದ ನೈಟ್ರಾಕ್ಸ್ ಅಂದ್ರೆ, ಮೈ ಸೇರಿದ ನೈಟ್ರೋಜನ್ ಲೆಕ್ಕದಲ್ಲಿ ಕಮ್ಮಿ ಕಾಣುತ್ತೆ.

ಹಾಗಾಗಿ ತಪ್ಪು ತಿದ್ದಲೇಬೇಕು. ಆದರೆ ಯಂತ್ರ ಕೊಟ್ಟ ಮೂಲ ಅಂಕಿ ಅಳಿಸಬಾರದು ಅನ್ನೋದು ನನ್ನ ಅಭಿಪ್ರಾಯ. ತಿದ್ದಿದ್ದು ಪಕ್ಕದಲ್ಲಿರಲಿ, ತಿದ್ದಿದ ಕಾರಣವೂ ಜೊತೆಗಿರಲಿ. ನಾಳೆ ಅವಘಡದ ಕಾರಣ ಹುಡುಕೋರಿಗೆ ಎರಡೂ ಬೇಕಾಗುತ್ತೆ.