ಗಡಿನಾಡಿನ ಮತಪೆಟ್ಟಿಗೆ



2023ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಯ ಫಲಿತಾಂಶ ಹೊರಬಿದ್ದಾಗ ರಾಜ್ಯದ ಬಹುಪಾಲು ಕಡೆ ಕಾಂಗ್ರೆಸ್ ಪಕ್ಷದ ವಿಜಯೋತ್ಸವ ನಡೆಯಿತು. 224 ಸ್ಥಾನಗಳಲ್ಲಿ 135 ಆ ಪಕ್ಷದ ಪಾಲಾಗಿದ್ದವು. ಆದರೆ ರಾಜ್ಯದ ಭೂಪಟದ ನೆತ್ತಿಯಲ್ಲಿರುವ ಬೀದರ ಜಿಲ್ಲೆಯ ಲೆಕ್ಕವೇ ಬೇರೆಯಾಗಿತ್ತು. ಇಲ್ಲಿಯ ಆರು ಸ್ಥಾನಗಳಲ್ಲಿ ನಾಲ್ಕನ್ನು ಭಾರತೀಯ ಜನತಾ ಪಕ್ಷ ಗೆದ್ದುಕೊಂಡಿತು. ಕಾಂಗ್ರೆಸ್ಸಿಗೆ ಉಳಿದದ್ದು ಬೀದರ ನಗರ ಮತ್ತು ಭಾಲ್ಕಿ ಎಂಬ ಎರಡೇ. ಅದಕ್ಕೂ ಐದು ವರ್ಷ ಹಿಂದೆ, 2018ರಲ್ಲಿ, ಬಿಜೆಪಿ 104 ಸ್ಥಾನ ಗಳಿಸಿ ರಾಜ್ಯದ ಅತಿ ದೊಡ್ಡ ಪಕ್ಷವಾದಾಗ ಇದೇ ಜಿಲ್ಲೆ ಕಾಂಗ್ರೆಸ್ಸಿಗೆ ನಾಲ್ಕು ಸ್ಥಾನಗಳನ್ನೂ ಬಿಜೆಪಿಗೆ ಔರಾದ ಒಂದನ್ನೂ ಕೊಟ್ಟಿತ್ತು. ಬೀದರ ದಕ್ಷಿಣ ಜನತಾದಳಕ್ಕೆ ಹೋಗಿತ್ತು.

ಇದನ್ನು ಗಾಂಧಿ ಗಂಜದಲ್ಲಿ ತೊಗರಿ, ಉದ್ದು, ಸೋಯಾ ಚೀಲಗಳ ನಡುವೆ ಕುಳಿತವರಿಗೆ ಹೇಳಿದರೆ ಅವರೇನೂ ಬೆರಗಾಗಲಾರರು. ಅಡತಿ ಅಂಗಡಿಯ ಮೆಟ್ಟಿಲ ಮೇಲೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಭಾಷೆಗಳು ಬೆರೆಯುವ ಪೇಟೆ ಅದು. ಅಲ್ಲಿ ಯಾವ ಪಕ್ಷ ಗೆದ್ದಿತು ಎಂದು ಕೇಳುವುದಕ್ಕಿಂತ ಯಾರು ಗೆದ್ದರು ಎಂದು ಕೇಳುವುದೇ ರೂಢಿ. ಈ ರೂಢಿಯ ಬೇರುಗಳನ್ನು ಹುಡುಕಿ ನಾವು ಒಂದಿಷ್ಟು ಹಿಂದಕ್ಕೆ ಹೋಗೋಣ.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆದಾಗ ಬೀದರ ಕರ್ನಾಟಕದಲ್ಲಿರಲಿಲ್ಲ. ಹೈದರಾಬಾದ್ ರಾಜ್ಯದ ಒಂದು ಜಿಲ್ಲೆಯಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು ಮೂರೂವರೆ ವರ್ಷವೂ ತುಂಬಿರಲಿಲ್ಲ. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿಯಾಗಿತ್ತು; ಬಸವಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದ ಹತ್ಯಾಕಾಂಡವನ್ನು ಕಣ್ಣಾರೆ ಕಂಡವರು ಮತಗಟ್ಟೆಗೆ ಬಂದಿದ್ದರು. ಅಂದಿನ ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ 93 ಗೆದ್ದು ಬೂರ್ಗುಲ ರಾಮಕೃಷ್ಣರಾಯರ ನೇತೃತ್ವದಲ್ಲಿ ಸರ್ಕಾರ ರಚಿಸಿತು. ಬೀದರದಿಂದ ಲೋಕಸಭೆಗೆ ಹೋದವರು ಉತ್ತರ ಪ್ರದೇಶ ಮೂಲದ ಶೌಕತುಲ್ಲಾ ಶಾ ಅನ್ಸಾರಿ, ಮುಂದೆ ಒರಿಸ್ಸಾದ ರಾಜ್ಯಪಾಲರಾದವರು. ಇಲ್ಲಿಯವರಲ್ಲದ ಮುಸ್ಲಿಂ ಮುಖಂಡರೊಬ್ಬರನ್ನು, ಆ ಕಹಿಯ ದಿನಗಳ ಬೆನ್ನಲ್ಲೇ, ಇಲ್ಲಿಯ ಮತದಾರರು ಆರಿಸಿ ಕಳುಹಿಸಿದರು ಎಂಬುದನ್ನು ತಾವು ಗಮನಿಸಬೇಕು. ನಮ್ಮ ಜಿಲ್ಲೆಯ ಇತಿಹಾಸ ಬರೆಯುವವರು ಇದಕ್ಕೆ ಸಲ್ಲಬೇಕಾದಷ್ಟು ಜಾಗ ಕೊಟ್ಟಿಲ್ಲವೆಂಬುದು ನನ್ನ ಭಾವನೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಜಿಲ್ಲೆ ಮೂರು ಹೋಳಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. ಒಂದೇ ಸಂತೆಗೆ ಬರುತ್ತಿದ್ದ ಊರುಗಳು ಮೂರು ವಿಧಾನಸಭೆಗಳಿಗೆ ಮತ ಹಾಕುವಂತಾಯಿತು. ಭಾಷೆಯ ಗಡಿ ಕಾಗದದ ಮೇಲೆ ಬಿದ್ದಷ್ಟು ನೇರವಾಗಿ ಮನೆಗಳ ನಡುವೆ ಬೀಳಲಿಲ್ಲ. ಔರಾದದ ಹಲವು ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಬೆಂಗಳೂರು ಏಳುನೂರು ಕಿಲೋಮೀಟರ್ ದೂರ, ಹೈದರಾಬಾದ್ ಅದರ ಕಾಲುಭಾಗವೂ ಇಲ್ಲ. ರಾಜ್ಯ ರಾಜಧಾನಿಯಲ್ಲಿ ಏಳುವ ಅಲೆ ಇಲ್ಲಿಗೆ ತಲುಪುವಷ್ಟರಲ್ಲಿ ತಣ್ಣಗಾಗಿರುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿಲ್ಲದಿಲ್ಲ.

ಮೊದಲ ಕಾಲು ಶತಮಾನ ಜಿಲ್ಲೆ ಬಹುಮಟ್ಟಿಗೆ ಕಾಂಗ್ರೆಸ್ಸಿನೊಂದಿಗೆ ಸಾಗಿತು. 1977ರಲ್ಲಿ ಉತ್ತರ ಭಾರತದಲ್ಲಿ ಆ ಪಕ್ಷ ನೆಲಕಚ್ಚಿದಾಗಲೂ ಕರ್ನಾಟಕದ 28ರಲ್ಲಿ 26 ಲೋಕಸಭಾ ಸ್ಥಾನಗಳನ್ನು ಉಳಿಸಿಕೊಂಡಿತು, ಬೀದರವೂ ಅವುಗಳಲ್ಲೊಂದು. ಆದರೆ ಪಕ್ಷಗಳ ಹೆಸರನ್ನು ಬದಿಗಿಟ್ಟು ವ್ಯಕ್ತಿಗಳ ಹೆಸರನ್ನು ಬರೆದುಕೊಂಡರೆ ಇನ್ನೊಂದು ಕಥೆ ಕಾಣುತ್ತದೆ. 1962ರಿಂದ 2009ರವರೆಗೆ, ಅಂದರೆ 47 ವರ್ಷಗಳಲ್ಲಿ, ಬೀದರ ಲೋಕಸಭಾ ಕ್ಷೇತ್ರವನ್ನು ಪ್ರತಿನಿಧಿಸಿದವರು ಮೂವರೇ: ರಾಮಚಂದ್ರ ವೀರಪ್ಪ, ಶಂಕರದೇವ ಮತ್ತು ನರಸಿಂಗರಾವ್ ಸೂರ್ಯವಂಶಿ.

ಇವರಲ್ಲಿ ರಾಮಚಂದ್ರ ವೀರಪ್ಪನವರ ಬಾಳು ಸ್ವತಃ ಒಂದು ರಾಜಕೀಯ ಚರಿತ್ರೆ. 1962 ಮತ್ತು 1967ರಲ್ಲಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಆಮೇಲೆ 24 ವರ್ಷಗಳ ಅಂತರ. 1991ರಲ್ಲಿ ಮತ್ತೆ ಗೆದ್ದು ಬಂದಾಗ ಅವರು ಬಿಜೆಪಿಯಲ್ಲಿದ್ದರು. ಆ ಪಕ್ಷಕ್ಕೆ ಕರ್ನಾಟಕದಿಂದ ಮೊದಲ ಬಾರಿಗೆ ಲೋಕಸಭಾ ಸ್ಥಾನಗಳು ದಕ್ಕಿದ್ದು ಆ ವರ್ಷವೇ. ಗೆದ್ದ ನಾಲ್ಕು ಕ್ಷೇತ್ರಗಳೆಂದರೆ ಮಂಗಳೂರು, ಬೆಂಗಳೂರು ದಕ್ಷಿಣ, ತುಮಕೂರು ಮತ್ತು ಬೀದರ. ಕರಾವಳಿ ಮತ್ತು ರಾಜಧಾನಿಯ ಗೆಲುವಿಗೆ ಪಂಡಿತರು ಕಾರಣ ಹುಡುಕಿದರು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ, ದೂರದ ಗಡಿಯ ಈ ಕ್ಷೇತ್ರ ಆ ಪಟ್ಟಿಯಲ್ಲಿ ಹೇಗೆ ಸೇರಿತೆಂಬುದಕ್ಕೆ ಉತ್ತರ ಪಕ್ಷದ ಸಿದ್ಧಾಂತದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ಅಭ್ಯರ್ಥಿಯ ಹೆಸರಿನಲ್ಲಿತ್ತು. ಅವರು 1996, 1998, 1999, 2004ರಲ್ಲೂ ಗೆದ್ದು, ತೊಂಬತ್ತರ ಗಡಿ ದಾಟಿದ ವಯಸ್ಸಿನಲ್ಲಿ 2004ರಲ್ಲಿ ಸಂಸದರಾಗಿಯೇ ನಿಧನರಾದರು. ಅದೇ ವರ್ಷ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸೂರ್ಯವಂಶಿ ಗೆದ್ದರು. ಪಕ್ಷದ ಕೋಟೆಯೆಂದು ಭಾವಿಸಲಾಗಿದ್ದದ್ದು ಒಬ್ಬ ಮನುಷ್ಯನ ನೆರಳಾಗಿತ್ತೆಂಬುದು ಕೆಲವೇ ತಿಂಗಳಲ್ಲಿ ತಿಳಿಯಿತು.

ಇಲ್ಲಿ ಕ್ರೈಸ್ತ ಕುಟುಂಬಗಳಿಗೆ ನೇರವಾಗಿ ತಟ್ಟುವ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಬೀದರದ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಮೆಥೋಡಿಸ್ಟ್ ಮಿಷನ್ ಕೆಲಸ ಮಾಡಿದ್ದು, ಸುವಾರ್ತೆಯನ್ನು ಸ್ವೀಕರಿಸಿದವರಲ್ಲಿ ಬಹುಪಾಲು ದಲಿತ ಮನೆಗಳು ಎಂಬುದು ತಮಗೆ ತಿಳಿದಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ದಲಿತ ಕ್ರೈಸ್ತರಿಗೆ ದೊರೆಯಲಿಲ್ಲ. ಪರಿಣಾಮವಾಗಿ, ಬೀದರ ಮೀಸಲು ಲೋಕಸಭಾ ಕ್ಷೇತ್ರವಾಗಿದ್ದ ಅಷ್ಟೂ ದಶಕಗಳಲ್ಲಿ ಅದೇ ಕೇರಿಯ ಒಬ್ಬ ಅಣ್ಣ ಚುನಾವಣೆಗೆ ನಿಲ್ಲಬಹುದಿತ್ತು, ದೀಕ್ಷಾಸ್ನಾನ ಪಡೆದ ತಮ್ಮ ಮತ ಹಾಕಬಹುದಿತ್ತಷ್ಟೇ. 2009ರಿಂದ ಲೋಕಸಭಾ ಕ್ಷೇತ್ರ ಸಾಮಾನ್ಯವಾಗಿದೆ. ಆದರೆ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹಳೆಯ ಹುಲಸೂರು ಮೀಸಲು ಕ್ಷೇತ್ರ ಅಳಿದು ಔರಾದ ಮೀಸಲಾದುದರಿಂದ ವಿಧಾನಸಭೆಯ ಮಟ್ಟದಲ್ಲಿ ಅದೇ ಬಾಗಿಲು ಈಗ ಔರಾದದಲ್ಲಿ ಮುಚ್ಚಿದೆ. ಪಕ್ಷಗಳ ಬಲಾಬಲದ ಲೆಕ್ಕದಲ್ಲಿ ಈ ಮತದಾರರು ಸೇರುತ್ತಾರೆ. ಅಭ್ಯರ್ಥಿಗಳ ಪಟ್ಟಿಯಲ್ಲಿ ಸೇರುವುದಿಲ್ಲ.

ಇನ್ನು ವಿಧಾನಸಭೆಯ ವಿಷಯ. 1994ರಲ್ಲಿ ರಾಜ್ಯದಾದ್ಯಂತ ಜನತಾದಳ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದಾಗ ಬೀದರ ನಗರ ಆರಿಸಿದ್ದು ಬಹುಜನ ಸಮಾಜ ಪಕ್ಷದ ಸೈಯದ್ ಜುಲ್ಫಿಕಾರ್ ಹಾಶ್ಮಿಯವರನ್ನು. ಉತ್ತರ ಪ್ರದೇಶದ ಪಕ್ಷವೊಂದಕ್ಕೆ ಕರ್ನಾಟಕ ವಿಧಾನಸಭೆಯಲ್ಲಿ ದೊರೆತ ಆ ಸ್ಥಾನದ ನಂತರ ಇನ್ನೊಂದು ದೊರೆಯಲು 2018ರ ಕೊಳ್ಳೇಗಾಲದವರೆಗೆ ಕಾಯಬೇಕಾಯಿತು. ದಲಿತ ಮತ್ತು ಮುಸ್ಲಿಂ ಮತಗಳು ಕೂಡಿದಾಗ ಏನಾಗಬಹುದೆಂಬುದಕ್ಕೆ ಅದೊಂದು ನಿದರ್ಶನ. ಮರುಚುನಾವಣೆಯಲ್ಲೇ, 1999ರಲ್ಲಿ, ಅದೇ ನಗರ ಬಿಜೆಪಿಯ ರಮೇಶಕುಮಾರ ಪಾಂಡೆಯವರನ್ನು ಕಳುಹಿಸಿತು.

2013ರ ಚುನಾವಣೆಯನ್ನಂತೂ ಮರೆಯುವಂತಿಲ್ಲ. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 122 ಸ್ಥಾನಗಳ ಸ್ಪಷ್ಟ ಬಹುಮತ ಬಂದ ಆ ವರ್ಷ ಬೀದರ ಜಿಲ್ಲೆಯ ಆರು ಸ್ಥಾನಗಳು ಐದು ಪಕ್ಷಗಳಿಗೆ ಹಂಚಿಹೋದವು! ಭಾಲ್ಕಿ, ಹುಮನಾಬಾದ್ ಕಾಂಗ್ರೆಸ್ಸಿಗೆ, ಔರಾದ ಬಿಜೆಪಿಗೆ, ಬಸವಕಲ್ಯಾಣ ಜನತಾದಳಕ್ಕೆ, ಬೀದರ ನಗರ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷಕ್ಕೆ, ಬೀದರ ದಕ್ಷಿಣ ಅಶೋಕ ಖೇಣಿಯವರ ಕರ್ನಾಟಕ ಮಕ್ಕಳ ಪಕ್ಷಕ್ಕೆ. ಬೀದರ ನಗರದಿಂದ ಗೆದ್ದ ಗುರುಪಾದಪ್ಪ ನಾಗಮಾರಪಳ್ಳಿಯವರು 2009ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಧರಂಸಿಂಗರ ಎದುರು ಸೋತಿದ್ದರು. ಬಸವಕಲ್ಯಾಣದಲ್ಲಿ ಜನತಾದಳದಿಂದ ಗೆದ್ದ ಮಲ್ಲಿಕಾರ್ಜುನ ಖೂಬಾ 2018ರಲ್ಲಿ ಬಿಜೆಪಿಯಿಂದ ನಿಂತು ಸೋತರು. ಖೇಣಿಯವರು ತಮ್ಮ ಪಕ್ಷ ಬಿಟ್ಟು ಕಾಂಗ್ರೆಸ್ ಸೇರಿ ಎರಡು ಬಾರಿ ಸೋತರು. ಅಂಗಿ ಬದಲಾಯಿಸಿದಷ್ಟು ಸುಲಭವಾಗಿ ಪಕ್ಷ ಬದಲಾಗುವುದಕ್ಕೆ ನಾಯಕರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಇಲ್ಲಿಯ ರೈತನಿಗೆ ಬೆಳೆಸಾಲ ಬರುವುದು ಡಿಸಿಸಿ ಬ್ಯಾಂಕಿನಿಂದ, ಕಬ್ಬು ಹೋಗುವುದು ಸಹಕಾರಿ ಸಕ್ಕರೆ ಕಾರ್ಖಾನೆಗೆ. ಆ ಬ್ಯಾಂಕಿನ, ಆ ಕಾರ್ಖಾನೆಯ ಚುಕ್ಕಾಣಿ ಯಾರ ಕೈಯಲ್ಲಿದೆಯೋ ಅವರು ಯಾವ ಚಿಹ್ನೆ ಹಿಡಿದರೂ ರೈತನ ಲೆಕ್ಕ ಹೆಚ್ಚು ಬದಲಾಗದು. ನಾಗಮಾರಪಳ್ಳಿಯವರು ದೀರ್ಘಕಾಲ ಬೀದರ ಡಿಸಿಸಿ ಬ್ಯಾಂಕಿನ ಅಧ್ಯಕ್ಷರಾಗಿದ್ದು, ಸ್ವಸಹಾಯ ಸಂಘಗಳ ಮಹಿಳೆಯರಿಗೆ ಸಾಲ ಕೊಡುವ ಕೆಲಸದಲ್ಲಿ ಆ ಬ್ಯಾಂಕು ಹೆಸರು ಮಾಡಿತ್ತು.

ಈ ಚಂಚಲತೆಯ ನಡುವೆ ಎರಡು ಅಚಲ ಬಿಂದುಗಳಿವೆ. ಅವು ಅಕ್ಕಪಕ್ಕದ ತಾಲೂಕುಗಳು. ಭಾಲ್ಕಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಭೀಮಣ್ಣ ಖಂಡ್ರೆಯವರು, ನಂತರ ಅವರ ಮಗ ವಿಜಯಕುಮಾರ ಖಂಡ್ರೆ ಆಯ್ಕೆಯಾಗಿದ್ದರು. 1999 ಮತ್ತು 2004ರಲ್ಲಿ ಅಲ್ಲಿ ಬಿಜೆಪಿ ಗೆದ್ದಿತು; ಆದರೆ ಗೆದ್ದವರು ಪ್ರಕಾಶ ಖಂಡ್ರೆ. ಅಂದರೆ ಪಕ್ಷ ಬದಲಾಯಿತು, ಮನೆತನದ ಹೆಸರು ಬದಲಾಗಲಿಲ್ಲ. 2008ರಿಂದ ಸತತ ನಾಲ್ಕು ಬಾರಿ ಕಾಂಗ್ರೆಸ್ಸಿನ ಈಶ್ವರ ಖಂಡ್ರೆ ಗೆದ್ದಿದ್ದಾರೆ. ಔರಾದದಲ್ಲಿ ಅದೇ 2008ರಿಂದ ಸತತ ನಾಲ್ಕು ಬಾರಿ ಬಿಜೆಪಿಯ ಪ್ರಭು ಚವ್ಹಾಣ ಗೆದ್ದಿದ್ದಾರೆ. ಉಳಿದ ನಾಲ್ಕು ಕ್ಷೇತ್ರಗಳು ಈ ಎರಡರ ನಡುವೆ ತೂಗಾಡುತ್ತವೆ. ಬಸವಕಲ್ಯಾಣ 2008ರಿಂದ 2018ರವರೆಗಿನ ಮೂರು ಚುನಾವಣೆಗಳಲ್ಲಿ ಮೂರು ಪಕ್ಷಗಳನ್ನು ಆರಿಸಿತು. 2020ರಲ್ಲಿ ಶಾಸಕ ಬಿ. ನಾರಾಯಣರಾವ್ ನಿಧನರಾದ ಬಳಿಕ, ಆ ವರ್ಷದ ನವೆಂಬರಿನಲ್ಲಿ ಸರ್ಕಾರ ಮರಾಠಾ ಸಮುದಾಯದ ಅಭಿವೃದ್ಧಿ ನಿಗಮ ಘೋಷಿಸಿತು. 2021ರ ಉಪಚುನಾವಣೆಯಲ್ಲಿ ಬಿಜೆಪಿಯ ಶರಣು ಸಲಗರ ಗೆದ್ದರು. ಇವೆರಡರ ನಂಟನ್ನು ತಾವೇ ಊಹಿಸಿಕೊಳ್ಳಬಹುದು.

ಹಾಗಾದರೆ 2018ರ ಫಲಿತಾಂಶ 2023ರಲ್ಲಿ ತಲೆಕೆಳಗಾದುದಕ್ಕೆ ಜನರ ಮನಸ್ಸು ಅಷ್ಟರಮಟ್ಟಿಗೆ ಬದಲಾಗಿತ್ತೇ? ಇಲ್ಲ. ಹುಮನಾಬಾದ್ ಮತ್ತು ಬೀದರ ದಕ್ಷಿಣದಲ್ಲಿ ಬಿಜೆಪಿ ಗೆದ್ದ ಅಂತರ ತಲಾ ಎರಡು ಸಾವಿರ ಮತಗಳಿಗೂ ಕಡಿಮೆ. ಕೆಲವೇ ಹಳ್ಳಿಗಳ ಮತ ಅತ್ತಿಂದಿತ್ತ ಹೋಗಿದ್ದರೆ ಜಿಲ್ಲೆಯ ಲೆಕ್ಕ ಕಾಂಗ್ರೆಸ್ಸಿಗೆ ನಾಲ್ಕು, ಬಿಜೆಪಿಗೆ ಎರಡು ಎಂದಾಗುತ್ತಿತ್ತು. ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ನಮ್ಮ ಪದ್ಧತಿಯ ಗುಣವಿದು.

ಇದನ್ನು ಮನಗಾಣಲು ನಮ್ಮಂತೆಯೇ ಒಕ್ಕೂಟ ರಾಷ್ಟ್ರವಾದ ಜರ್ಮನಿಯತ್ತ ಒಮ್ಮೆ ನೋಡಬಹುದು. ಅಲ್ಲಿಯ 16 ರಾಜ್ಯಗಳು ಬೇರೆ ಬೇರೆ ಕಾಲದಲ್ಲಿ ತಮ್ಮ ವಿಧಾನಸಭೆಗಳನ್ನು ಆರಿಸುತ್ತವೆ; ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ಅನುಗುಣವಾಗಿ ಸ್ಥಾನಗಳು ದೊರೆಯುತ್ತವೆ. ಕಥೋಲಿಕರು ಹೆಚ್ಚಾಗಿರುವ ಬವೇರಿಯಾ ರಾಜ್ಯದಲ್ಲಿ ಕ್ರಿಶ್ಚಿಯನ್ ಸೋಷಿಯಲ್ ಯೂನಿಯನ್ ಪಕ್ಷ 1957ರಿಂದ ನಿರಂತರವಾಗಿ ಅಧಿಕಾರದಲ್ಲಿದೆ. ಆದರೂ 2003ರಲ್ಲಿ ಶೇಕಡಾ 60.7 ಇದ್ದ ಅದರ ಮತ 2008ರಲ್ಲಿ 43.4ಕ್ಕೆ ಇಳಿದು, ಒಂದೇ ಪಕ್ಷದ ಬಹುಮತ ಹೋಯಿತು. 2013ರಲ್ಲಿ ಒಮ್ಮೆ ಚೇತರಿಸಿಕೊಂಡು 2018ರಲ್ಲಿ 37.2, 2023ರಲ್ಲಿ 37.0 ಆಯಿತು. ಕುಸಿತದ ಪ್ರತಿ ಮೆಟ್ಟಿಲೂ ಸದನದ ಕುರ್ಚಿಗಳಲ್ಲಿ ಎಣಿಕೆಗೆ ಸಿಕ್ಕಿತು, ಮಿತ್ರಪಕ್ಷವನ್ನು ಹುಡುಕಿಕೊಳ್ಳಬೇಕಾಯಿತು. ಅಲ್ಲಿ ಪಕ್ಷದ ಬಲ ನೀರಿನ ಮಟ್ಟದಂತೆ ನಿಧಾನ ಏರಿಳಿಯುತ್ತದೆ. ನಮ್ಮಲ್ಲಿ ತಕ್ಕಡಿಯ ಮುಳ್ಳಿನಂತೆ, ಒಂದು ಹಿಡಿ ಕಾಳು ಹೆಚ್ಚು ಬಿದ್ದರೂ ಪೂರ್ತಿ ವಾಲುತ್ತದೆ. ಪ್ರಮಾಣ ಪದ್ಧತಿಯೇ ಮೇಲು ಎಂದು ನಾನು ಹೇಳಲಾರೆ. ಪ್ರಭು ಚವ್ಹಾಣರನ್ನೋ ಖಂಡ್ರೆಯವರನ್ನೋ ಮನೆ ಬಾಗಿಲಿಗೆ ಹೋಗಿ ಕಾಣುವ ಸಲುಗೆ ಪಕ್ಷದ ಪಟ್ಟಿಯಲ್ಲಿ ಸಿಗುವುದಿಲ್ಲ.

ಅಲೆಯ ವಿರುದ್ಧ ಈಜುವುದಕ್ಕೆ ಜಿಲ್ಲೆ ತೆತ್ತ ಬೆಲೆಯೂ ಇದೆ. ಆಡಳಿತ ಪಕ್ಷದ ಶಾಸಕರು ಕಡಿಮೆಯಿದ್ದಾಗ ಅನುದಾನದ ಕೂಗು ಕ್ಷೀಣಿಸುತ್ತದೆ. ಈ ಭಾಗದ ಹಿಂದುಳಿದಿರುವಿಕೆಗೆ ಸಂವಿಧಾನದಲ್ಲೇ ಪರಿಹಾರ ಬೇಕೆಂಬ ಬೇಡಿಕೆ ದಶಕಗಳ ಕಾಲ ನಡೆದು, 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿ ಸೇರಿ 2013ರಲ್ಲಿ ಜಾರಿಗೆ ಬಂದಿತು. ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತದ್ದು ಅದರಿಂದಲೇ. ಹಾಗೆ ನೋಡಿದರೆ ಲೋಕಸಭೆಯಲ್ಲಿ ಇಡೀ ಕಲ್ಯಾಣ ಕರ್ನಾಟಕ ಒಂದಾಗಿಯೇ ನಡೆದಿದೆ: 2019ರಲ್ಲಿ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಬಿಜೆಪಿಗೆ, 2024ರಲ್ಲಿ ಐದೂ ಕಾಂಗ್ರೆಸ್ಸಿಗೆ. ಬೀದರದಲ್ಲಿ 2019ರಲ್ಲಿ ಭಗವಂತ ಖೂಬಾರ ಎದುರು ತಂದೆ ಈಶ್ವರ ಖಂಡ್ರೆ ಸೋತರು. 2024ರಲ್ಲಿ ಅದೇ ಖೂಬಾರನ್ನು 26ರ ಹರೆಯದ ಮಗ ಸಾಗರ ಖಂಡ್ರೆ ಸೋಲಿಸಿದರು. ಎರಡು ಬಾರಿಯೂ ಅಂತರ ಒಂದು ಲಕ್ಷ ಮತಗಳಿಗೆ ಮಿಗಿಲು. ಒಂದು ವರ್ಷದ ಹಿಂದಷ್ಟೇ ಬಿಜೆಪಿಗೆ ನಾಲ್ಕು ಶಾಸಕರನ್ನು ಕೊಟ್ಟಿದ್ದ ಜಿಲ್ಲೆಯಿದು.

ಪಕ್ಷಗಳ ನಿಜವಾದ ಬಲ ಹಳ್ಳಿಯಲ್ಲಿ ಎಷ್ಟಿದೆಯೆಂದು ಅಳೆಯಲು ಇನ್ನೊಂದು ಅಳತೆಗೋಲಿತ್ತು: ಜಿಲ್ಲಾ ಮತ್ತು ತಾಲೂಕು ಪಂಚಾಯಿತಿ ಚುನಾವಣೆ. ಅಲ್ಲಿ ಸಕ್ಕರೆ ಕಾರ್ಖಾನೆಯ ಮನೆತನಗಳ ಆಚೆಗಿನ ಹೊಸ ಮುಖಗಳು, ಮೀಸಲಾತಿಯಿಂದ ಬಂದ ಮಹಿಳೆಯರು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ ಆ ಚುನಾವಣೆ 2016ರಲ್ಲಿ ನಡೆಯಿತು. 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಟ್ಟಲೆ ಮುಂದೂಡುತ್ತಾ ಬರಲಾಯಿತು. ಬೇರೆಲ್ಲದರಲ್ಲಿ ಜಗಳವಾಡುವ ಪಕ್ಷಗಳು, ಅಧಿಕಾರದಲ್ಲಿ ಯಾರೇ ಇರಲಿ, ಈ ಒಂದು ವಿಳಂಬದಲ್ಲಿ ಮಾತ್ರ ಒಮ್ಮತದಿಂದ ನಡೆದುಕೊಂಡವು.